ಫೈಲಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿದ ದಿನ

ಮಾತು ಕಲಿಸುವ ಥೆರಪಿಸ್ಟ್ ಆಗಿ ಬಸವೇಶ್ವರನಗರದ ಒಂದು ಸೆಂಟರಿಗೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಮದುವೆಯೇ ಆಗಿರಲಿಲ್ಲ, ಹಾಗಾಗಿ ಮಕ್ಕಳನ್ನು ಬೆಳೆಸುವ ವಿಚಾರದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ತಾಯಂದಿರನ್ನೆಲ್ಲ ‘ಮಮ್ಮಿ’ ಎಂದೇ ಕರೆಯುತ್ತಿದ್ದೆ. ಅವರ ಹೆಸರು ಕೇಳಲು ಪುರುಸೊತ್ತಾದರೂ ಎಲ್ಲಿತ್ತು? ಬುದ್ಧಿ ಹೇಳುವುದೇ ಅಷ್ಟೊಂದಿತ್ತಲ್ಲ!

ಶ್ರೀಗಂಧದ ಕಾವಲ್‌ನಲ್ಲಿ ನೆಲೆಸಿದ್ದ ವಿಜಯಪುರದ ಕಡೆಯ ಒಬ್ಬಾಕೆ, ಇನ್ನೂ ಮಾತು ಬಾರದ ಐದು ವರ್ಷದ ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಒಂದು ದಿನ ಅರ್ಧ ಗಂಟೆ ತಡವಾಯಿತು. ಹೊರಗೆ ಉಳಿದ ಪೋಷಕರೆಲ್ಲ ಕೂತಿದ್ದಾಗಲೇ ಶುರುಮಾಡಿದೆ:

“ಏನ್ ಮಮ್ಮಿ, ಹೀಗ್ ಮಾಡಿದ್ರೆ ಮಗು ಹೇಗೆ ಇಂಪ್ರೂವ್ ಆಗುತ್ತೆ? ಮನೇಲಿ ಮಾತಾಡ್ಸೋದೇ ಇಲ್ವಾ? ಮೊಬೈಲ್ ಕೊಟ್ಟು ಕೂರಿಸ್ಬಿಡ್ತೀರಾ?”

ಗುಟ್ಟಾಗಿ ಹೇಳಿದ್ದರೆ ಅಷ್ಟು ಜ್ಞಾನ ವ್ಯರ್ಥವಾಗುತ್ತಿತ್ತು.

ಆಕೆ ಮಗಳ ಕೈ ಹಿಡಿದು ನನ್ನ ಹಿಂದೆಯೇ ನಡೆದರು. ಒಳಗೆ ಬಂದು ಕೂತ ಮೇಲೆ ನಾನು ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವುದನ್ನು ನೋಡಿ ಕೇಳಿದರು: “ಏನ್ ಬರದ್ರೀ ಮೇಡಂ? ನನಗ ಇಂಗ್ಲಿಷ್ ಬರಂಗಿಲ್ಲ. ಕನ್ನಡದಾಗ ಓದಿ ಹೇಳ್ರಿ.”

ಓದಿದೆ. “ತಾಯಿ ಸಹಕರಿಸುವುದಿಲ್ಲ. ಮಗುವಿನ ಬಗ್ಗೆ ಕಾಳಜಿ ಕಡಿಮೆ. ಮಗುವಿಗೆ ತನಗೆ ಬೇಕಾದ್ದನ್ನು ತಿಳಿಸಲು ಬರುವುದಿಲ್ಲ.” ಇಂಗ್ಲಿಷಿನಲ್ಲಿ ಎಂಥ ವೈಜ್ಞಾನಿಕ ವಾಕ್ಯಗಳು! ಆಕೆಯ ಮುಖ ನೋಡುತ್ತಾ ಕನ್ನಡದಲ್ಲಿ ಹೇಳಿದಾಗ ಬೀದಿ ನಲ್ಲಿಯ ಬಳಿ ಆಡುವ ಚಾಡಿಮಾತಿನಂತಿದ್ದವು.

“ಆಕಿಗಿ ತಿಳಿಸಾಕ ಬರ್ತೈತ್ರಿ,” ಎಂದರು. “ಸೆಕಿ ಆದ್ರ ಫ್ಯಾನ್ ಹಚ್ಚು ಅಂತ ನನ್ನ ಕುತ್ತಿಗಿಗಿ ಊದ್ತಾಳ. ಹಸಿವಾದ್ರ ನನ್ನ ಕೈ ಹಿಡಕೊಂಡು ರೊಟ್ಟಿ ಡಬ್ಬಿ ಮ್ಯಾಲ ಇಡ್ತಾಳ. ನೀವು ಕೇಳೇ ಇಲ್ಲಲ್ರಿ. ಇವತ್ತ ಬಸ್ಸಿನ ಹಾರ್ನಿಗೆ ಹೆದರಿ ಅಳಾಕತ್ತಿದ್ಲು. ನಡುವ ಇಳಿದು ನಡಕೊಂತ ಬಂದ್ವಿ.”

ಮೂರು ತಿಂಗಳು ಆಕೆಯನ್ನು ಪ್ರಶ್ನಿಸಿದ್ದೆ. ಉತ್ತರಕ್ಕೆ ಒಮ್ಮೆಯೂ ಕಾದಿರಲಿಲ್ಲ.

“ತಪ್ಪಾಯ್ತು,” ಎಂದೆ.

ಇರಲಿ ಬಿಡಿ ಅನ್ನುತ್ತಾರೆಂದುಕೊಂಡಿದ್ದೆ. ಅನ್ನಲಿಲ್ಲ. “ಬೈದದ್ದು ಎಲ್ಲಾರ ಮುಂದ ರೀ,” ಎಂದರು.

ಹೊರಗೆ ಹೋಗಿ ಎಲ್ಲರ ಮುಂದೆ ಮತ್ತೊಮ್ಮೆ ಹೇಳಿದೆ. ಒಬ್ಬ ತಂದೆ ಪತ್ರಿಕೆ ಅಡ್ಡ ಹಿಡಿದುಕೊಂಡು ನಕ್ಕರು.

ಅಂದಿನಿಂದ ತಂದೆತಾಯಿಯ ಎದುರಿಗೇ, ಅವರನ್ನು ಕೇಳಿಕೊಂಡೇ ಬರೆಯುತ್ತೇನೆ. ಅವರಿಗೆ ಓದಿ ಹೇಳಲಾಗದ್ದನ್ನು ಬರೆಯುವುದಿಲ್ಲ. ಮೇಲಿನವರಿಗೆ ಇದು ಅಷ್ಟೇನೂ ಪ್ರೊಫೆಷನಲ್ ಅನಿಸಿಲ್ಲ. ಹುಡುಗಿ ಈಗ ಚಿತ್ರದ ಕಾರ್ಡು ತೋರಿಸಿ ತನಗೆ ಬೇಕಾದ್ದನ್ನು ಕೇಳುತ್ತಾಳೆ. ಯಾವ ಚಿತ್ರಗಳಿರಬೇಕೆಂದು ಆರಿಸಿದವರು ಅವಳ ತಾಯಿ. ನಾನು ಆರಿಸಿದ್ದರಲ್ಲಿ ವಿಮಾನ, ಜಿರಾಫೆ ಎಲ್ಲ ಇದ್ದವು; ಬೆಳಿಗ್ಗೆ ಎದ್ದು ಜಿರಾಫೆ ಕೇಳುವ ಮಗುವನ್ನು ನಾನಿನ್ನೂ ಕಂಡಿಲ್ಲ.