ದ್ವೀಪದಲ್ಲಿ ಎಷ್ಟು ಹೊತ್ತು?

ನಮ್ಮ ಅಡುಗೆಮನೆಯ ಉಪ್ಪಿನ ಜಾಡಿಯ ಕೆಳಗೆ ಟೂರ್ ಆಫೀಸಿನ ಎರಡು ಹಾಳೆಗಳಿವೆ. ಮೂಗಿಗೆ ಹಿಡಿದರೆ ಹೊಸ ಪಠ್ಯಪುಸ್ತಕದ ವಾಸನೆ. ಎರಡರಲ್ಲೂ ಅದೇ ನೀಲಿ ಕಡಲು, ಅದೇ ಬಿಳಿ ಹಡಗು. ರಾಮನಗರದ ಈ ಮನೆಯಲ್ಲಿ ಒಂದು ವಾರದಿಂದ ಇದೇ ಜಗಳ. ಬನ್ನಿ, ನೀವೂ ಕೂತು ಪಂಚಾಯ್ತಿ ಮಾಡಿ. ಮೊದಲನೆಯ ಹಡಗು ಕೊಚ್ಚಿಯಿಂದ ಹೊರಟು ಐದು ದಿನದಲ್ಲಿ ಲಕ್ಷದ್ವೀಪದ ಐದು ದ್ವೀಪ ತೋರಿಸುತ್ತದಂತೆ. ಎರಡನೆಯದಕ್ಕೂ ಐದೇ ದಿನ, ಆದರೆ ಎರಡೇ ದ್ವೀಪ. "ಅದೇ ಹಡಗು, ಅದೇ ಊಟ, ಮೂರು ದ್ವೀಪ ಜಾಸ್ತಿ. ಯೋಚ್ನೆ ಮಾಡೋಕೇನಿದೆ ಇದ್ರಲ್ಲಿ?" ಎನ್ನುತ್ತಾರೆ ನಮ್ಮ ಯಜಮಾನರು. ಅವರ ಕಾಫಿ ಲೋಟದ ಗುರುತು ಎರಡನೆಯ ಹಾಳೆಯ ಕಡಲಲ್ಲಿ ದುಂಡಗೆ ಕೂತು, ಅಲ್ಲಿಗೂ ಒಂದು ದ್ವೀಪ ಸೇರಿಸಿಬಿಟ್ಟಿದೆ.

ನನಗೆ ಮಾತ್ರ ಯೋಚನೆ ಬಿಡುತ್ತಿಲ್ಲ. ಮೂವತ್ತು ವರ್ಷದ ಹಿಂದೆ ಇದೇ ಮಾತನ್ನು, ಹೆಚ್ಚುಕಮ್ಮಿ ಇದೇ ದನಿಯಲ್ಲಿ, ನಾನೇ ಆಡಿದ್ದೆ.

ಹೊಂಗನೂರಿನಲ್ಲಿ ನಮ್ಮವ್ವನ ಅಕ್ಕ, ನನ್ನ ದೊಡ್ಡವ್ವ, ರೇಷ್ಮೆಹುಳು ಸಾಕುತ್ತಿದ್ದಳು. ಹುಳು ಮನೆಯಲ್ಲಿದ್ದರೆ ಅವಳು ಊರು ಬಿಡುವ ಹಾಗೇ ಇಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಒಂದು ದಿನ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಅವನ್ನು ಯಾರೂ ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ಹೀಗೆ ನಾಲ್ಕು ಸಲ. ನಾಲ್ಕನೆಯ ಜ್ವರದಿಂದ ಎದ್ದ ಮೇಲಂತೂ ಹಗಲು ರಾತ್ರಿ ಸೊಪ್ಪು ಸುರಿಯುತ್ತಿರಬೇಕು. ನನ್ನ ಅಕ್ಕನ ಮದುವೆಗೂ ದೊಡ್ಡವ್ವ ಬರಲಿಲ್ಲ. "ನಾಕ್ನೇ ಜ್ವರ ಎದ್ದವೆ ಕಣವ್ವ, ಎಂಗೆ ಬರ್ಲಿ?" ಎಂದು ಹೇಳಿಕಳಿಸಿದಳು. ನಮ್ಮವ್ವ ಆರು ತಿಂಗಳು ಮಾತು ಬಿಟ್ಟಳು.

ಅಂಥ ದೊಡ್ಡವ್ವನಿಗೆ ಒಂದೇ ಒಂದು ಆಸೆ. ಸುತ್ತಲೂ ಕಡಲಿರುವ ನಡುಗಡ್ಡೆಯ ಮೇಲೆ ಸುಮ್ಮನೆ ಕೂರಬೇಕು. ಶ್ರೀರಂಗಪಟ್ಟಣವೂ ನಡುಗಡ್ಡೆಯೇ ಅಲ್ಲವೇ ಎಂದರೆ, "ಅದು ಹೊಳೆ ಮಗ, ಆಚೆ ದಡ ಕಾಣ್ತದೆ" ಎನ್ನುತ್ತಿದ್ದಳು.

ಒಂದು ಸಲ ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋಗಿ, ಮುಂದಿನ ಹುಳು ಬರುವ ತನಕ ಎಂಟು ದಿನ ಬಿಡುವು ಸಿಕ್ಕಿತು. ಚನ್ನಪಟ್ಟಣದಿಂದ ರಾಮೇಶ್ವರದ ನಡುಗಡ್ಡೆಗೆ ಎರಡು ಟೂರ್ ಬಸ್ಸುಗಳು ಹೊರಡುತ್ತಿದ್ದವು. ಒಂದು ಐದು ದಿನದಲ್ಲಿ ಹನ್ನೊಂದು ಊರು ತೋರಿಸುತ್ತಿತ್ತು. ಇನ್ನೊಂದರಲ್ಲಿ ಮೂರೇ ಊರು, ರಾಮೇಶ್ವರದಲ್ಲಿ ಒಂದು ಇಡೀ ದಿನ. ನಾನು ಆಗಷ್ಟೇ ಮೇಷ್ಟ್ರಮ್ಮ ಆಗಿದ್ದೆ. ವೇಳಾಪಟ್ಟಿಯಲ್ಲಿ ಖಾಲಿ ಪೀರಿಯಡ್ ಕಂಡರೆ ಮೈ ಉರಿಯುತ್ತಿತ್ತು. ದೊಡ್ಡವ್ವನಿಗೆ ಓದು ಬರದು. ಕರಪತ್ರ ಓದಿ ಹೇಳಿ, ಎಂಟು ಊರು ಜಾಸ್ತಿ, ಯೋಚ್ನೆ ಮಾಡೋಕೇನಿದೆ ಎಂದವಳು ನಾನೇ.

"ನಡುಗಡ್ಡೆಲಿ ಎಷ್ಟೊತ್ತು ನಿಲ್ತದೆ, ನೋಡ್ಮಗ," ಎಂದಳು.

ಹನ್ನೊಂದು ಊರಿನ ಬಸ್ಸು ಅಲ್ಲಿ ನಿಲ್ಲುವುದು ಒಂದೂವರೆ ಗಂಟೆ ಎಂದು ಅಚ್ಚಾಗಿತ್ತು. "ಬೇಕಾದಷ್ಟು ಹೊತ್ತು ದೊಡ್ಡವ್ವ," ಎಂದೆ. ಆ ಬಸ್ಸು ವಾಪಸು ಬರುವಾಗ ಹೋಗುವ ಕೊಡೈಕೆನಾಲ್ ನನಗೆ ನೋಡಬೇಕಿತ್ತು, ನೋಡಿ. ಓದು ಬಾರದ ಹೆಂಗಸಿಗೆ, ಅದೂ ಮೇಷ್ಟ್ರಮ್ಮನಾಗಿ, ಸುಳ್ಳು ಓದಿ ಹೇಳಿದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ದಿನ ರಾಮೇಶ್ವರ ತಲುಪಿದೆವು. ಸ್ನಾನ, ದರ್ಶನ, ಕ್ಯೂ ಮುಗಿಯುವ ಹೊತ್ತಿಗೆ ಉಳಿದದ್ದು ಹತ್ತು ನಿಮಿಷ. ದೊಡ್ಡವ್ವ ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟದೆ, ಮೊಣಕಾಲುದ್ದ ನೀರಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟಳು. ಬಸ್ಸು ಹಾರ್ನ್ ಹೊಡೆಯಿತು. ಕೂಗಿದೆ, ಗದರಿದೆ. "ಎಲ್ರೂ ಕಾಯ್ತಾ ಅವ್ರೆ, ಮಾನ ಕಳೀಬೇಡ ದೊಡ್ಡವ್ವ, ಏಳು!"

ಅವಳು ತಿರುಗಿಯೂ ನೋಡಲಿಲ್ಲ. "ಬೇಕಾದಷ್ಟೊತ್ತು ಅಂತ ನೀನೇ ಓದ್ದಲ್ಲ ಮಗ," ಎಂದಳು. ಸಿಟ್ಟಿಲ್ಲದ ದನಿ. ಅದೇ ನನಗೆ ಹೆಚ್ಚು ನಾಟಿತು. "ಡ್ರೈವರಪ್ಪಂಗೆ ಹೇಳೋಗು, ಜ್ವರಕ್ಕೆ ಕೂತವ್ಳೆ ಅಂತ."

ಹೇಗೆ ಹೇಳಲಿ? ತಲೆ ತಗ್ಗಿಸಿಕೊಂಡು ಹೋಗಿ, ಅವಳು ಹೇಳಿದ್ದನ್ನೇ ಹೇಳಿದೆ. ಬಸ್ಸಿನ ತುಂಬ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರು. ಹುಳು ಸಾಕದ ಮನೆಯವರು ಅದರಲ್ಲಿ ಎಷ್ಟು ಮಂದಿ ಇದ್ದಾರು! ಬಸ್ಸಿಗೆ ಬಸ್ಸೇ ನಕ್ಕಿತು. ಕೋಡಿಹಳ್ಳಿ ಕಡೆಯ ಡ್ರೈವರು ಕ್ಲೀನರ್ ಕಡೆ ತಿರುಗಿ, "ಜ್ವರಕ್ಕೆ ಕೂತಿದ್ರೆ ಅಲ್ಲಾಡುಸ್ಬಾರ್ದು ಕಣ್ಲಾ. ನಮ್ಮವ್ವ ಕೇಳುದ್ರೆ ಬಾರುಸ್ಬುಡ್ತಾಳೆ," ಎಂದು ಇಂಜಿನ್ ಆಫ್ ಮಾಡಿದ.

ಮಾಗಡಿಯ ಒಬ್ಬರು ಕೊಡೈಕೆನಾಲ್ ತಪ್ಪಿತು ಎಂದು ಗೊಣಗಿದರು. ಅವರ ಹೆಂಡತಿ ಆಗಲೇ ಕೆಳಗಿಳಿದು ಕಡಲ ಕಡೆ ನಡೆದಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಸಾಯಂಕಾಲದವರೆಗೆ ಅರ್ಧ ಬಸ್ಸು ನೀರಿನಲ್ಲಿ ಕೂತಿತ್ತು. ನಾನೊಬ್ಬಳು ಮಾತ್ರ ದಡದಲ್ಲಿ, ದೊಡ್ಡವ್ವನ ಚಪ್ಪಲಿ ಹಿಡಿದುಕೊಂಡು, ಗಡಿಯಾರ ನೋಡುತ್ತಾ ನಿಂತಿದ್ದೆ.

ವಾಪಸು ಬರುವಾಗ ಒದ್ದೆ ಸೀರೆಯಲ್ಲೇ ನನ್ನ ಭುಜಕ್ಕೆ ಒರಗಿ, "ಬೇಜಾರ್ ಮಾಡ್ಕೋಬ್ಯಾಡ ಮಗ. ಒಸಿ ಹೊತ್ತು ಸುಮ್ಕೆ ಕೂತಿದ್ದು ಚೆಂದಾಗಿತ್ತು," ಎಂದಳು. ಎಂಟನೆಯ ದಿನ ಹೊಸ ಹುಳು ಬಂದವು. ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ, ಹೋಗಬೇಕೆಂದೂ ಅನ್ನಲಿಲ್ಲ. ನಾನು ಆಮೇಲೆ ಕಾಶಿಯಿಂದ ಕನ್ಯಾಕುಮಾರಿವರೆಗೆ ಊರೂರು ಸುತ್ತಿದೆ. ಆಲ್ಬಮ್ಮುಗಳಿವೆ. ಕೆಲವು ಫೋಟೋ ಯಾವ ಊರಿನವು ಎಂದು ನನಗೇ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಟೂರ್ ಆಫೀಸಿನ ಹುಡುಗಿ ಫೋನ್ ಮಾಡಿದಳು. ಎರಡನೆಯ ಹಡಗು ಎಂದೆ. ಪಕ್ಕದಲ್ಲಿ ಯಜಮಾನರು ಹಣೆ ಚಚ್ಚಿಕೊಂಡರು.

"ಮೇಡಂ, ಅದ್ರಲ್ಲಿ ಮೂರನೇ ದಿನ ಏನೂ ಪ್ರೋಗ್ರಾಮ್ ಇಲ್ಲ. ಬೆಳಿಗ್ಗೆ ದ್ವೀಪದಲ್ಲಿ ಇಳಿಸ್ತಾರೆ, ಸಾಯಂಕಾಲ ಹತ್ತಿಸ್ಕೋತಾರೆ, ಅಷ್ಟೆ. ಅಲ್ಲಿ ಏನ್ಮಾಡ್ತೀರ?"

"ಕೂತ್ಕೋತೀನಿ ಕಣಮ್ಮ," ಎಂದೆ. ಫೋನಿಟ್ಟು ಯಜಮಾನರ ಕಡೆ ತಿರುಗಿದೆ. "ರೀ, ಅವತ್ತು ನನ್ನ ಚಪ್ಪಲಿ ನೀವು ಹಿಡ್ಕೋಬೇಕು."