ಯಾಕಮ್ಮನ ಪದವಿ ಅರ್ಜಿ

ಮನೆಯಲ್ಲಿ ಅವಳಿಗೆ ಯಾಕಮ್ಮ ಎಂದೇ ಹೆಸರು. ಮಾತು ಕಲಿತಾಗಿನಿಂದ ಬಾಯಿ ಬಿಟ್ಟರೆ 'ಯಾಕೆ?' ಅಪ್ಪನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು, ಎದುರು ಅಂಗಡಿಯವನು ಕಟಿಂಗ್ ದರ ಏರಿಸಿದ ಮರುದಿನವೇ ನೀನೂ ಏರಿಸುವುದು ಯಾಕೆ ಎಂದು ಅಪ್ಪನ ತಲೆ ತಿಂದವಳು. ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿಯೇ ತೀರುತ್ತೇನೆಂದು ಹಟ ಹಿಡಿದಳು. ಅಪ್ಪನಂತೂ ಸಿಕ್ಕ ಗಿರಾಕಿಗೆಲ್ಲ ಅದನ್ನೇ ಹೇಳುತ್ತಿದ್ದ. ಕತ್ತಿನ ಮೇಲೆ ಕತ್ತಿ ಇರುವಾಗ ಯಾರು ತಾನೆ ಬೇಡವೆಂದಾರು!

ಬಿ.ಎ. ಅರ್ಥಶಾಸ್ತ್ರಕ್ಕೆ ಅರ್ಜಿಯೂ ಹೋಯಿತು. ಅಷ್ಟರಲ್ಲಿ, ಅಂಗಡಿಯಲ್ಲಿ ಎಲ್ಲರೂ 'ಡಾಕ್ಟ್ರೇ' ಎಂದು ಕರೆಯುವ ನಿವೃತ್ತ ಅರ್ಥಶಾಸ್ತ್ರದ ಮೇಷ್ಟ್ರು ಅವಳ ತಲೆಗೆ ಹುಳ ಬಿಟ್ಟರು.

"ಡಾಕ್ಟರೇಟ್ ಆಸೆ ಇದ್ರೆ ಬಿ.ಎಸ್ಸಿ. ಗಣಿತ ತಗೋ, ಜೊತೆಗೆ ಅರ್ಥಶಾಸ್ತ್ರ ಇಟ್ಕೋ. ಡಾಕ್ಟರೇಟಿಗೆ ಸೇರಿಸ್ಕೊಳ್ಳೋರು ಮೊದಲು ನೋಡೋದೇ ಗಣಿತದ ಅಂಕ."

ಗಣಿತ! ಅವಳಿಗೆ ಬಂದಿದ್ದು ನೂರಕ್ಕೆ ಐವತ್ಮೂರು, ಅದೂ ತಿಪ್ಪರಲಾಗ ಹಾಕಿ. ಅಂದಿನಿಂದ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಫೋನಿನಲ್ಲಿ ಅರ್ಜಿ ತೆರೆದು ಗಣಿತ ಎಂದು ಒತ್ತುವಳು, ಐದು ನಿಮಿಷಕ್ಕೆ ಮತ್ತೆ ಅರ್ಥಶಾಸ್ತ್ರ.

"ಹಾಲು ನೋಡ್ಕೋ ಅಂದ್ರೆ ಅದನ್ನೂ ಉಕ್ಕಿಸ್ದೆ. ಯಾವ್ದೋ ಒಂದು ಒತ್ತಿ ಸುಮ್ನಾಗೇ ತಾಯಿ!" ಎಂದು ಅಮ್ಮ ಗದರಿದಳು.

ಅರ್ಜಿ ತಿದ್ದಲು ಕೊನೆಯ ದಿನ ಬಂತು. ಸಂಜೆ ಐದಕ್ಕೆ ಗಡುವು. ನಾಲ್ಕೂವರೆಗೆ ಅವಳು ಅಂಗಡಿಗೆ ನುಗ್ಗಿದಾಗ ಮೇಷ್ಟ್ರು ಮುಖದ ತುಂಬ ನೊರೆ ಬಳಿಸಿಕೊಂಡು ಕೂತಿದ್ದರು.

"ಗಣಿತ ಇಲ್ದೆ ಆಗೋದೇ ಇಲ್ವಾ ತಾತ? ನೀವು ಬಿ.ಎ. ತಾನೆ ಮಾಡಿದ್ದು?"

"ಹೌದಮ್ಮ, ಚಿನ್ನದ ಪದಕ ಬೇರೆ. ಡಾಕ್ಟರೇಟಿಗೆ ಸೀಟೂ ಸಿಕ್ತು. ಹೋಗಿ ನೋಡಿದ್ರೆ ಬೋರ್ಡ್ ತುಂಬ ಗಣಿತ, ಒಂದಕ್ಷರ ತಲೆಗೆ ಹತ್ಲಿಲ್ಲ. ಎರಡು ವರ್ಷ ಒದ್ದಾಡಿ ಪೆಟ್ಟಿಗೆ ಕಟ್ಕೊಂಡು ಬಂದ್ಬಿಟ್ಟೆ."

ಅಪ್ಪನ ಕೈ ಗಾಳಿಯಲ್ಲೇ ನಿಂತಿತು. "ಅಂದ್ರೆ ಡಾಕ್ಟ್ರೇ... ಇಪ್ಪತ್ತು ವರ್ಷದಿಂದ ಕರೀತಿದೀನಿ, ಒಂದಿನಾನೂ ಹೇಳ್ಲಿಲ್ವಲ್ಲ ಸ್ವಾಮಿ!"

"ಕೇಳೋಕೆ ಹಿತವಾಗಿರ್ತಿತ್ತಪ್ಪ," ಎಂದರು ಮೇಷ್ಟ್ರು, ಕನ್ನಡಿ ನೋಡದೆ. "ಈ ಹುಡುಗಿ ಅದೇ ಹಳ್ಳಕ್ಕೆ ಬೀಳ್ತಾಳಲ್ಲ ಅಂತ ಹೇಳ್ಬೇಕಾಯ್ತು."

ಯಾಕಮ್ಮನಿಗೆ ಹೆದರಿಕೆ ಇಮ್ಮಡಿಯಾಯಿತು. "ಗಣಿತ ತಗೊಂಡು ನಾನೂ ಹಂಗೇ ಓಡಿ ಬಂದ್ರೆ?"

"ಬಾ. ಒಂದು ವರ್ಷ ನೋಡಿ, ಆಗ್ಲಿಲ್ಲ ಅಂದ್ರೆ ಬಾ. ಹದಿನೆಂಟಕ್ಕೆ ಓಡಿ ಬಂದವಳಿಗೆ ಬೇರೆ ದಾರಿ ಇರುತ್ತೆ. ನಾನು ಬಂದಿದ್ದು ಇಪ್ಪತ್ತಾರಕ್ಕೆ."

ಅವಳು ಗಣಿತ ಒತ್ತಿದಳು. ಫೋನನ್ನು ಅಪ್ಪನ ಜೇಬಿಗೆ ತುರುಕಿ, "ಐದು ಗಂಟೆವರೆಗೂ ನಾನು ಕೇಳಿದ್ರೂ ಕೊಡ್ಬೇಡ" ಎಂದು ಬಾಗಿಲಾಚೆ ಹೋಗಿ ನಿಂತಳು. ಐದರೊಳಗೆ ಎರಡು ಸಲ ಬಂದು ಕೇಳಿದಳು. ಅಪ್ಪ ಕೊಡಲಿಲ್ಲ.