ಕೋಲ್ಡ್ ಸ್ಟೋರೇಜಿನಲ್ಲಿ ನೋಡಿದ ಐಸ್‌ಲ್ಯಾಂಡ್

ಮದುವೆಯಾಗಿ ಧಾರವಾಡದಿಂದ ವಿಲೆ ಪಾರ್ಲೆಗೆ ಬಂದ ಮರುವರ್ಷದ ಮಾತು. ಒಂದು ಸಂಜೆ ನನ್ನ ಗಂಡ ಆಫೀಸಿನಿಂದ ಬಂದವರು ಬೂಟು ಬಿಚ್ಚುವ ಮೊದಲೇ, "ಐಸ್‌ಲ್ಯಾಂಡ್ ಎಲ್ಲಿ ಬರ್ತದ ಗೊತ್ತದ ಏನು ನಿನಗ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಮ್ಮ ಶಾಲೆಯ ಗೋಡೆಯ ಮೇಲಿದ್ದ ಯುರೋಪಿನ ನಕಾಶೆ ಇಂಗ್ಲೆಂಡು ದಾಟಿದೊಡನೆ ಹರಿದುಹೋಗಿತ್ತು.

ಅವರು ಒಂದು ಡೇನಿಶ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಮೀನು, ಹಣ್ಣು, ಔಷಧ ಕೆಡದಂತೆ ಇಡುವ ತಂಪು ಕೋಣೆಗಳ ಯಂತ್ರಗಳನ್ನು ಆ ಕಂಪನಿ ತಯಾರಿಸುತ್ತಿತ್ತು. ಕೆಲಸ ಕಲಿತು ಬರಲು ಅವರನ್ನು ಕೋಪನ್‌ಹೇಗನ್ನಿಗೆ ಕಳಿಸುವುದಾಗಿ ಮ್ಯಾನೇಜರ್ ಸಾಹೇಬರು ಹೇಳಿದ್ದರು. ಹೆಂಡತಿಯನ್ನೂ ಕರೆದೊಯ್ಯಬಹುದು, ಹಡಗಿನ ಟಿಕೆಟ್ ಕಂಪನಿಯದು. ಅಲ್ಲಿಂದ ಉತ್ತರಕ್ಕೆ ಹಡಗಿನಲ್ಲಿ ಕೆಲವು ದಿನ ಹೋದರೆ ಐಸ್‌ಲ್ಯಾಂಡ್ ಎಂಬ ದ್ವೀಪವಿದೆ, ನೆಲದೊಳಗಿಂದ ಕುದಿಯುವ ನೀರು ಮೇಲಕ್ಕೆ ಚಿಮ್ಮುತ್ತದೆ, ಅದನ್ನೇ ಕೊಳವೆಯಲ್ಲಿ ಹರಿಸಿ ಜನ ಮನೆ ಬೆಚ್ಚಗಿಟ್ಟುಕೊಳ್ಳುತ್ತಾರೆ ಎಂದು ಸಾಹೇಬರು ಬಣ್ಣಿಸಿದ್ದರಂತೆ. ದಿನವಿಡೀ ತಂಪಿನ ಯಂತ್ರಗಳ ನಕ್ಷೆ ಬರೆಯುವವರಿಗೆ ಆ ಬಿಸಿನೀರು ತಲೆಗೆ ಹೊಕ್ಕಿತ್ತು.

ನಮ್ಮದು ಎರಡು ಕೋಣೆಯ ಮನೆ. ಒಳಕೋಣೆಯಲ್ಲಿ ಅತ್ತೆ ಮಲಗುತ್ತಿದ್ದರು, ಹೊರಕೋಣೆಯಲ್ಲಿ ನಾವು, ನಡುವೆ ಒಂದು ಪರದೆ. ಅಲ್ಲಿಯವರೆಗೆ ನಮ್ಮಿಬ್ಬರ ಮಾತು ಹಾಲು, ನಲ್ಲಿನೀರು, ತಪ್ಪಿದ ಲೋಕಲ್ ರೈಲು, ಇಷ್ಟರಲ್ಲೇ ಮುಗಿಯುತ್ತಿತ್ತು. ಐಸ್‌ಲ್ಯಾಂಡಿನ ಬಗ್ಗೆ ಮಾತಾಡಲು ಭಾನುವಾರ ಜುಹೂ ಸಮುದ್ರದ ದಂಡೆಗೆ ನಡೆದುಹೋಗತೊಡಗಿದೆವು. ಅವರು ಲೈಬ್ರರಿಯ ಅಟ್ಲಾಸ್ ನೋಡಿ ಕಾಗದದ ಮೇಲೆ ಬರೆದುಕೊಂಡ ನಕಾಶೆಯನ್ನು ಮರಳಿನ ಮೇಲೆ ಹರವುತ್ತಿದ್ದರು. ಅಂಚು ಹಾರದಂತೆ ನಾನು ಚಪ್ಪಲಿ ಇಡುತ್ತಿದ್ದೆ. ಎಲ್ಲಿ ಇಳಿಯುವುದು, ಯಾವ ತಿಂಗಳು ಹೋಗುವುದು, ಮಾಂಸ ಮೀನು ಬಿಟ್ಟು ಅಲ್ಲಿ ಏನು ಸಿಕ್ಕೀತು ಎಂದೆಲ್ಲ ಮಾತು. ಅಲ್ಲಿ ಮರಗಳೇ ಇಲ್ಲವಂತೆ ಎಂದು ಅವರು ಹೇಳಿದ ದಿನ ನಾನು ಮೊದಲ ಸಲ, "ಹಂಗಾದ್ರ ನೋಡೂಣ್ರಿ," ಎಂದೆ. ಅವರು ನನ್ನ ಮುಖ ನೋಡಿದರು. ನನಗೂ ಏನಾದರೂ ಬೇಕೆನಿಸಬಹುದು ಎಂಬುದು ಅವರಿಗೆ ಹೊಸದಾಗಿರಬೇಕು.

ಅತ್ತೆಗೆ ಹೇಳಿದಾಗ ಅವರು ಆರಿಸುತ್ತಿದ್ದ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಕೆಲಸಕ್ಕ ಅಂದ್ರ ಹೋಗ್ರಿ. ಆ ಬರ್ಫಿನ ಊರು ಮಾತ್ರ ಬ್ಯಾಡ," ಎಂದರು. ಯಾಕೆಂದು ಹೇಳಲಿಲ್ಲ. ಮಡಿ, ಊಟದ ಚಿಂತೆ ಇರಬೇಕೆಂದು ನಾನು ತಿಳಿದುಕೊಂಡೆ.

ಚೋರ್ ಬಜಾರಿನಲ್ಲಿ ಮಿಲಿಟರಿಯ ಎರಡು ಹಳೆಯ ಓವರ್‌ಕೋಟುಗಳು ಸಿಕ್ಕವು. ಒಗೆದು ಗ್ಯಾಲರಿಯಲ್ಲಿ ಒಣಹಾಕಿದಾಗ ಇಡೀ ಬಿಲ್ಡಿಂಗಿನವರು ಬಂದು ಮುಟ್ಟಿ ನೋಡಿದರು. ನನ್ನದು ಮೊಣಕಾಲಿನ ಕೆಳಗೂ ಇಳಿಯುತ್ತಿತ್ತು. ಮೇ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿಕೊಂಡು ನಿಂತರೆ ಥಂಡಿ ಅಂದರೆ ಏನೆಂದು ಊಹಿಸುವುದಕ್ಕೂ ಆಗುತ್ತಿರಲಿಲ್ಲ. ಆಗಲೇ ನನ್ನ ಗಂಡನಿಗೆ ಒಂದು ಉಪಾಯ ಹೊಳೆಯಿತು. ಅವರ ಕಂಪನಿ ಯಂತ್ರ ಕೂಡಿಸಿದ ಒಂದು ಕೋಲ್ಡ್ ಸ್ಟೋರೇಜು ಬಂದರಿನ ಹತ್ತಿರವಿತ್ತು. ಅದರ ಒಳಗೆ ಸ್ವಲ್ಪ ಹೊತ್ತು ನಿಂತು ನೋಡೋಣ ಎಂದರು.

ಅಲ್ಲಿನ ಸೂಪರ್‌ವೈಸರ್ ಉಡುಪಿಯ ಕಡೆಯವರು. ಕೈಯಲ್ಲಿ ಓವರ್‌ಕೋಟು ಹಿಡಿದು ಬೆವರುತ್ತ ಬಂದ ನಮ್ಮನ್ನು ಕಂಡು ಅವರು ನಗಲಿಲ್ಲ. "ಮೀನಿನ ರೂಮು ಬೇಡ ಮಾರಾಯ್ರೆ, ಅಮ್ಮನವರಿಗೆ ವಾಸನೆ ತಡೆಯಲಿಕ್ಕಿಲ್ಲ. ಸೇಬಿನದ್ದು ಅಷ್ಟು ಥಂಡಿ ಇಲ್ಲ. ಬೆಣ್ಣೆಯದ್ದು ಸರಿಯಾಗ್ತದೆ," ಎಂದು ದಪ್ಪನೆಯ ಬಾಗಿಲು ತೆರೆದರು. "ಸಾಕು ಅನ್ನಿಸಿದ್ರೆ ಬಾಗಿಲು ಬಡೀರಿ. ನಾನು ಇಲ್ಲೇ ಇರ್ತೇನೆ."

ಒಳಗೆ ಒಂದೇ ದೀಪ. ಬೆಣ್ಣೆಯ ಪೆಟ್ಟಿಗೆಗಳು ಸೂರಿನವರೆಗೆ. ಕೊಳವೆಗಳ ಮೇಲೆ ಬಿಳಿಯ ಹಿಮ ಕಟ್ಟಿತ್ತು. ನನ್ನ ಉಸಿರು ಹೊಗೆಯಾಗಿ ಹೊರಬರುವುದನ್ನು ನೋಡುತ್ತ ನಿಂತೆ. ಮೂಗಿನ ತುದಿ ಮರಗಟ್ಟಿತು, ಕಿವಿ ನೋಯತೊಡಗಿದವು, ಆದರೆ ಹೆದರಿಕೆಯಾಗಲಿಲ್ಲ. ಹೊರಗಿನ ಗದ್ದಲ ಒಂದಿಷ್ಟೂ ಕೇಳುತ್ತಿರಲಿಲ್ಲ. ಮದುವೆಯಾದ ಮೇಲೆ ಅಂಥ ಮೌನ ನನಗೆ ಸಿಕ್ಕೇ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರಬಹುದು ಎಂದುಕೊಂಡೆ.

ಅವರು ಕೆಮ್ಮಿದರು. ಮತ್ತೆ ಕೆಮ್ಮಿದರು. ತಿರುಗಿ ನೋಡಿದರೆ ಪೆಟ್ಟಿಗೆಗೆ ಕೈ ಊರಿ ಬಾಗಿ ನಿಂತಿದ್ದರು. ಎದೆಯಿಂದ ಸೀಟಿ ಊದಿದಂಥ ಸಪ್ಪಳ ಬರುತ್ತಿತ್ತು. ನಾನು ಬಾಗಿಲು ಬಡಿದೆ.

ಸೂಪರ್‌ವೈಸರ್ ನನ್ನ ಗಂಡನನ್ನು ಹೊರಗೆ ತಂದು ಬಿಸಿಲಿನಲ್ಲಿ ಕೂರಿಸಿ ಬಿಸಿನೀರು ಕುಡಿಸಿದರು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಲೋಕಲ್‌ನಲ್ಲಿ ಮರಳುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು. "ಸಣ್ಣಾಂವಿದ್ದಾಗ ದಮ್ಮಿತ್ತು. ಹೋಗ್ಯದ ಅಂತ ತಿಳಕೊಂಡಿದ್ದೆ."

ಆ ದಮ್ಮಿನ ವಿಷಯ ನನ್ನ ತವರಿನವರಿಗೆ ಯಾರೂ ಹೇಳಿರಲಿಲ್ಲ. ಅತ್ತೆ ಬಾಗಿಲಲ್ಲೇ ಮಗನ ಮುಖ ನೋಡಿ ಎಲ್ಲ ತಿಳಿದುಕೊಂಡರು. ಕಷಾಯ ಕುದಿಸಿ ಕೊಟ್ಟರು. ನನಗೆ ಸಿಟ್ಟು ಬರಬೇಕಿತ್ತೇನೋ. ಬಂದದ್ದು ನಿರಾಶೆ, ಅದೂ ಆ ಮರಗಳಿಲ್ಲದ ಊರಿಗಾಗಿ. ಅದಕ್ಕೇ ನನಗೆ ನಾಚಿಕೆಯಾಯಿತು.

ಡಾಕ್ಟರು ಎದೆ ಪರೀಕ್ಷಿಸಿ, ಬೇಸಿಗೆಯಲ್ಲಿ ಕೋಪನ್‌ಹೇಗನ್ ಅಡ್ಡಿಯಿಲ್ಲ, ಅದಕ್ಕಿಂತ ಉತ್ತರಕ್ಕೆ, ಅದೂ ಥಂಡಿ ಸಮುದ್ರದ ಗಾಳಿಯಲ್ಲಿ ದಿನಗಟ್ಟಲೆ ಬೇಡ ಎಂದರು. ನನ್ನ ಗಂಡ ನಕಾಶೆಯನ್ನು ಮಡಚಿ ಅಟ್ಟದ ಮೇಲಿಟ್ಟರು. ಕೋಟುಗಳನ್ನು ಮಾರಿಬಿಡೋಣ ಎಂದು ನಾನೇ ಹೇಳಿದೆ.

ಕೆಲವು ದಿನ ಕಳೆದ ಮೇಲೆ ನಾನು ಭಕ್ಕರಿ ಬಡಿಯುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು.

"ನಿಮ್ಮಪ್ಪಗ ಹೇಳಬೇಕಿತ್ತು. ಹೇಳಲಿಲ್ಲ ನಾ," ಎಂದರು. "ಹೇಳಿದ್ರ ಹೆಣ್ಣು ಕೊಡ್ತಿರಲಿಲ್ಲ."

"ಹೋಗ್ಲಿ ಬಿಡ್ರಿ ಅತ್ತಿ."

"ಅಂವಗ ಆಗೂದಿಲ್ಲ. ಖರೆ. ನಿನಗೇನಾಗೇದ? ಆ ಸಾಹೇಬನ ತಂಗಿ ಕೋಪನ್‌ಹೇಗನ್ನಿನಾಗ ಇರ್ತಾಳಂತ, ಬರೂ ವರ್ಷ ಆ ಬರ್ಫಿನ ಊರಿಗೆ ಹೋಗಾಕಿ ಅದಾಳಂತ. ಅಕೀ ಜೋಡಿ ಹೋಗಿ ಬಾ."

ಭಕ್ಕರಿ ತವೆಯ ಮೇಲೆ ಕರಿಯಾಯಿತು. ಒಬ್ಬಳೇ ಲೋಕಲ್ ಹತ್ತಲು ಕೂಡ ನನ್ನನ್ನು ಬಿಡದ ಹೆಂಗಸು ಅವರು. ರಾತ್ರಿ ಊಟಕ್ಕೆ ಕೂತಾಗ ಮಗನಿಗೂ ಅದನ್ನೇ ಹೇಳಿದರು. ನನ್ನ ಗಂಡ ನನ್ನ ಕಡೆ ತಿರುಗಿ, "ಹೋಗ್ತೀ?" ಎಂದು ಕೇಳಿದರು. "ಹೋಗ್ತೀನ್ರಿ," ಎಂದೆ. ಅವರಿಗೆ ಸ್ವಲ್ಪ ನೋವಾಯಿತೆಂದು ಕಾಣುತ್ತದೆ. ಆದರೂ ಎದ್ದು ಕೈತೊಳೆದವರು ಅಟ್ಟದಿಂದ ನಕಾಶೆ ಇಳಿಸಿದರು.

ಮರುವರ್ಷ ಇಬ್ಬರೂ ಕೋಪನ್‌ಹೇಗನ್ ಸೇರಿದೆವು. ಜೂನಿನಲ್ಲಿ ನಾನು ಸಾಹೇಬರ ತಂಗಿಯ ಜೊತೆ ಹಡಗು ಹತ್ತಿದೆ. ಅವರು ಶಾಲೆಯಲ್ಲಿ ಕಲಿಸುತ್ತಿದ್ದ, ಹೆಚ್ಚು ಮಾತಾಡದ ಹೆಂಗಸು. ನನ್ನ ಇಂಗ್ಲಿಷಿಗೆ ಅದು ಅನುಕೂಲವೇ ಆಯಿತು. ಆ ದ್ವೀಪದಲ್ಲಿ ಕಂಡದ್ದು ಕರಿಯ ಕಲ್ಲಿನ ಬಯಲು, ಅದರ ಮೇಲೆ ಪಾಚಿಯ ಹಸಿರು, ದೂರದಲ್ಲಿ ಹಿಮದ ಬೆಟ್ಟ, ನಡುವೆ ಹಬೆಯಾಡುವ ಹೊಂಡಗಳು. ಒಂದು ಹೊಂಡದ ಬಿಸಿನೀರು ನಮ್ಮೆದುರಿಗೇ ಉಕ್ಕಿ ಮೇಲೆದ್ದು ಜಿಟಿಜಿಟಿ ಮಳೆಯಲ್ಲಿ ಬಿದ್ದುಹೋಯಿತು. ಚೆನ್ನಾಗಿತ್ತು. ನನ್ನ ಗಂಡ ಇದ್ದಿದ್ದರೆ ಕೊಳವೆಗಳ ವಿಷಯ ವಿವರಿಸುತ್ತಿದ್ದರು, ನಾನು ಅಷ್ಟು ನೋಡುತ್ತಿರಲಿಲ್ಲ. ಹಾಗೆ ಅನಿಸಿದ್ದನ್ನು ನಾನು ಅವರಿಗೆ ಯಾವತ್ತೂ ಹೇಳಿಲ್ಲ.

ಕೋಪನ್‌ಹೇಗನ್ನಿಗೆ ಮರಳಿದ ದಿನ ಅವರು ಬಂದರಿನಲ್ಲಿ ಕಾಯುತ್ತಿದ್ದರು. ಪೆಟ್ಟಿಗೆ ಎತ್ತಿಕೊಂಡು, "ಊಟಕ್ಕ ಏನ್ ಮಾಡಿದಿ?" ಎಂದು ಕೇಳಿದರು. ಹಾಲು, ಬಟಾಟೆ ಎಂದೆ. ನಾನಿಲ್ಲದಾಗ ಅವರು ಅನ್ನ ಮಾಡುವುದನ್ನು ಕಲಿತಿದ್ದರು. ಕೋಣೆಗೆ ಹೋದಾಗ ಅದು ಸ್ಟೋವಿನ ಮೇಲಿತ್ತು, ತುಸು ಮುದ್ದೆಯಾಗಿತ್ತು. ಇಬ್ಬರೂ ಕೂತು ಉಂಡೆವು.